ಸಮಾನಧರ್ಮ ಯಾವುದು?

2023ರ ಫೆಬ್ರುವರಿ ತಿಂಗಳು. ಒಂಬತ್ತನೆಯ ತರಗತಿಗೆ ಅಲಂಕಾರಗಳ ಪಾಠ ಮಾಡುತ್ತಿದ್ದೆ. ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ ಎಂದು ಬೋರ್ಡಿನ ಮೇಲೆ ನಾಲ್ಕು ಮನೆ ಎಳೆದು, 'ನಿಮ್ಮ ಸ್ವಂತ ಉದಾಹರಣೆ ತನ್ನಿ' ಎಂದು ಮಕ್ಕಳಿಗೆ ಹೇಳಿ ಕಳಿಸಿದ್ದೆ. ಮರುದಿನ ಯಥಾಪ್ರಕಾರ ಇಪ್ಪತ್ತು ಜನ ಚಂದ್ರನಂತಹ ಮುಖ ತಂದಿದ್ದರು, ಹತ್ತು ಜನ ಕಮಲದಂತಹ ಕಣ್ಣು ತಂದಿದ್ದರು. ಕಿಟಕಿ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಎದ್ದು ನಿಂತು, "ಔಲಿಯು ಭಾರತದ ಸ್ವಿಟ್ಜರ್ಲೆಂಡ್" ಎಂದು ಓದಿದಳು.

"ಇದೆಲ್ಲಿ ಸಿಕ್ಕಿತೇ ನಿನಗೆ?" ಎಂದೆ.

"ನೀವೇ ಬರೆದದ್ದು ಅಕ್ಕೋರೇ. ಲೈಬ್ರರಿಯಲ್ಲಿ ಶಾಲೆಯ ಹಳೇ ಸಂಚಿಕೆ ಇತ್ತು. ಉಪಮೇಯ ಔಲಿ, ಉಪಮಾನ ಸ್ವಿಟ್ಜರ್ಲೆಂಡ್. ಸಮಾನಧರ್ಮ ಯಾವುದು ಅಂತ ಗೊತ್ತಾಗಲಿಲ್ಲ."

ವಾಚಕಪದ ಇಲ್ಲವಾದ್ದರಿಂದ ಇದು ಉಪಮೆಯಲ್ಲ, ರೂಪಕವಾಗುತ್ತದೆ ಎಂದು ಹೇಳಿ ಆ ಹೊತ್ತಿಗೆ ತಪ್ಪಿಸಿಕೊಂಡೆ. ಮೂವತ್ತು ವರ್ಷ ಪಾಠ ಮಾಡಿದವರಿಗೆ ತಪ್ಪಿಸಿಕೊಳ್ಳುವ ದಾರಿಗಳು ಬಹಳ ಗೊತ್ತಿರುತ್ತವೆ. ಆದರೆ ಬೆಲ್ ಹೊಡೆದ ಮೇಲೆ ಸ್ಟಾಫ್ ರೂಮಿನಲ್ಲಿ ಚಹ ಕುಡಿಯುವಾಗ ಆ ಪ್ರಶ್ನೆ ಮತ್ತೆ ಬಂದು ಎದುರು ಕುಳಿತಿತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಔಲಿಯ ಕೆಳಗಿನ ಊರು ಜೋಶಿಮಠದ ಮನೆಗಳು ಬಿರುಕು ಬಿಟ್ಟ ಸುದ್ದಿ ಟಿವಿಯಲ್ಲಿ ಹಗಲೂ ರಾತ್ರಿ ಬಂದಿತ್ತು. ನನಗೆ ಪರಿಚಯದ ಒಂದು ಮನೆಯೂ ಅವುಗಳಲ್ಲಿ ಸೇರಿತ್ತು.

ಸಂಜೆ ಆ ಸಂಚಿಕೆಯನ್ನು ಮನೆಗೆ ತಂದು, ಮಕ್ಕಳ ಪ್ರಬಂಧ ತಿದ್ದುವ ಕೆಂಪು ಪೆನ್ನು ಹಿಡಿದು ಕುಳಿತೆ. ಇನ್ನೊಬ್ಬರ ಪುಸ್ತಕ ವಿಮರ್ಶಿಸುವುದು ಸುಲಭ, ಬೇಕಾದಷ್ಟು ಮಾಡಿದ್ದೇನೆ. ತನ್ನದೇ ಬರಹವನ್ನು ಐದು ವರ್ಷದ ಮೇಲೆ ಓದುವುದೆಂದರೆ ಮದುವೆಯ ವಿಡಿಯೋದಲ್ಲಿ ತಾನು ಊಟ ಮಾಡುವುದನ್ನು ನೋಡಿದ ಹಾಗೆ. ಆದರೂ ಇದು ನನ್ನೊಬ್ಬಳ ಲೇಖನದ ಮಾತಲ್ಲ. ನಾವು ಊರೂರಿನ ಹೆಂಗಸರು ದಸರಾ ರಜೆಗೋ ಬೇಸಿಗೆಗೋ ಎಲ್ಲಿಗಾದರೂ ಹೋಗಿ ಬಂದು, ಮಹಿಳಾ ಮಂಡಳದ ಸಂಚಿಕೆಗೋ ಪತ್ರಿಕೆಯ ಪುರವಣಿಗೋ ಬರೆಯುತ್ತೇವಲ್ಲ, ಆ ಜಾತಿಯ ಬರಹಗಳೆಲ್ಲದರ ಮಾತು.

ನಾವು ಹೋದದ್ದು 2018ರ ಅಕ್ಟೋಬರಿನಲ್ಲಿ. ಶಿರಸಿಯಿಂದ ಹನ್ನೊಂದು ಜನ. ಮೂವರು ಶಿಕ್ಷಕಿಯರು, ನಮ್ಮ ನಮ್ಮ ಮನೆಯವರು, ಇಬ್ಬರು ಅತ್ತೆಯಂದಿರು, ಉಳಿದವರು ನೆಂಟರು. ಬದರಿನಾಥ ಮುಗಿಸಿ ಬರುವಾಗ ಜೋಶಿಮಠದಲ್ಲಿ ಎರಡು ರಾತ್ರಿ ತಂಗಿದೆವು. ಶಂಕರಾಚಾರ್ಯರು ದಕ್ಷಿಣಕ್ಕೆ ಶೃಂಗೇರಿಯನ್ನು ಇಟ್ಟಂತೆ ಉತ್ತರಕ್ಕೆ ಇಟ್ಟದ್ದು ಈ ಜ್ಯೋತಿರ್ಮಠ. ಜನರ ಬಾಯಲ್ಲಿ ಅದು ಜೋಶಿಮಠವಾಯಿತು. 2024ರಲ್ಲಿ ಸರ್ಕಾರ ತಾಲೂಕಿಗೆ ಮತ್ತೆ ಹಳೆಯ ಹೆಸರನ್ನೇ ಕೊಟ್ಟಿದೆ. ಶೃಂಗೇರಿಗೆ ಹೋಗಿ ಬರುವ ನಮ್ಮಂಥವರಿಗೆ ಅದು ಪರಸ್ಥಳ ಅನ್ನಿಸಲಿಲ್ಲ. ನಮ್ಮ ಅತ್ತೆಯವರಂತೂ ನರಸಿಂಹ ದೇವಸ್ಥಾನದ ಅಂಗಳದಲ್ಲಿ ತಮ್ಮದೇ ಮಠದ ಅಂಗಳದಲ್ಲಿ ಕುಳಿತಂತೆ ಬತ್ತಿ ಹೊಸೆಯುತ್ತ ಕುಳಿತುಬಿಟ್ಟರು.

ಔಲಿ ಅದರ ಮೇಲಿನ ಬೆಟ್ಟ. ಜೋಶಿಮಠ ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿದ್ದರೆ ಔಲಿಯ ಇಳಿಜಾರುಗಳು 2,500ರಿಂದ 3,000 ಮೀಟರ್ ಎತ್ತರದಲ್ಲಿವೆ. ಚಳಿಗಾಲದಲ್ಲಿ ಹಿಮ ಬಿದ್ದಾಗ ಅಲ್ಲಿ ಸ್ಕೀಯಿಂಗ್ ನಡೆಯುತ್ತದೆ. ಕಾಲಿಗೆ ಉದ್ದದ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟ ಅದು. ಮೊದಲು ಅಲ್ಲಿ ಜಾರಲು ಕಲಿತವರು ಗಡಿ ಕಾಯುವ ಜವಾನರು. ಇಂಡೋ-ಟಿಬೆಟನ್ ಗಡಿ ಪೊಲೀಸರ ಪರ್ವತಾರೋಹಣ ಮತ್ತು ಸ್ಕೀಯಿಂಗ್ ಸಂಸ್ಥೆ ಅಲ್ಲಿದೆ. ಆಮೇಲೆ ಪ್ರವಾಸೋದ್ಯಮ ಬಂತು, 1990ರ ದಶಕದಲ್ಲಿ ರೋಪ್‌ವೇ ಶುರುವಾಯಿತು. ಸುಮಾರು 4 ಕಿಲೋಮೀಟರ್ ಉದ್ದ, 10 ಕಂಬ, ಒಂದು ತೊಟ್ಟಿಲಲ್ಲಿ 25 ಜನ. ಆ ತೊಟ್ಟಿಲಲ್ಲಿ ಕುಳಿತು ನಾವೂ ಮೇಲೆ ಹೋದೆವು.

ಇನ್ನು ಕೆಂಪು ಪೆನ್ನಿನ ಕೆಲಸ.

ನನ್ನ ಲೇಖನದ ಮೊದಲ ವಾಕ್ಯವೇ ಆ ಹುಡುಗಿ ಓದಿದ ವಾಕ್ಯ. ಅದನ್ನು ನಾನು ಎಲ್ಲಿಂದ ತಂದೆ? ಹೋಟೆಲಿನ ಗೋಡೆಯಲ್ಲಿತ್ತು, ಟ್ಯಾಕ್ಸಿಯವನ ಕಾರ್ಡಿನಲ್ಲಿತ್ತು, ರೋಪ್‌ವೇ ಸರದಿಯಲ್ಲಿ ನಿಂತವರ ಬಾಯಲ್ಲಿತ್ತು. ಎಲ್ಲರೂ ಹೇಳಿದ್ದನ್ನು ನಾನೂ ಬರೆದೆ. ನಮ್ಮ ದೇಶದಲ್ಲಿ ಸ್ವಿಟ್ಜರ್ಲೆಂಡುಗಳು ಎಷ್ಟಿವೆಯೋ ಲೆಕ್ಕವಿಲ್ಲ. ಕೊಡಗಿಗೆ ಭಾರತದ ಸ್ಕಾಟ್ಲೆಂಡ್ ಎನ್ನುತ್ತೇವೆ, ಸಾಲದ್ದಕ್ಕೆ ಕರ್ನಾಟಕದ ಕಾಶ್ಮೀರ ಎಂದೂ ಸೇರಿಸುತ್ತೇವೆ. ಎರಡೆರಡು ಪಟ್ಟ ಕಟ್ಟಿದ ಆ ಕೊಡಗಿನಲ್ಲಿ 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ಸ್ಕಾಟ್ಲೆಂಡೂ ನೆರವಿಗೆ ಬರಲಿಲ್ಲ, ಕಾಶ್ಮೀರವೂ ಬರಲಿಲ್ಲ.

ಹೋಲಿಕೆಯೇ ತಪ್ಪೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಕನ್ನಡ ಶಿಕ್ಷಕಿಯ ಅನ್ನಕ್ಕೇ ಕಲ್ಲು. ಆದರೆ ಒಳ್ಳೆಯ ಉಪಮೆಯಲ್ಲಿ ಉಪಮಾನ ಬಂದು ಉಪಮೇಯವನ್ನು ಬೆಳಗಬೇಕು. ದೀಪ ಹಚ್ಚಿದ ಮೇಲೆ ದೇವರ ಮುಖ ಕಾಣಬೇಕೇ ಹೊರತು ದೀಪವೇ ಕಣ್ಣಿಗೆ ಹೊಡೆಯಬಾರದು. 'ಭಾರತದ ಸ್ವಿಟ್ಜರ್ಲೆಂಡ್' ಎಂದಾಗ ಆಗುವುದು ಇದರ ತಿರುಗುಮುರುಗು. ಔಲಿ ಕಾಣುವುದು ನಿಲ್ಲುತ್ತದೆ. ನಾವು ಅಲ್ಲಿ ನಿಂತು ಸಿನಿಮಾದಲ್ಲಿ ನೋಡಿದ ಇನ್ನೊಂದು ದೇಶವನ್ನು ಹುಡುಕುತ್ತೇವೆ. ಅಕ್ಟೋಬರಿನಲ್ಲಿ ಹೋದ ನಮ್ಮ ಗುಂಪಿನಲ್ಲಿ ತೊಟ್ಟಿಲಿಂದ ಇಳಿದ ಕೂಡಲೇ ಮೂವರು ಕೇಳಿದ ಪ್ರಶ್ನೆ, "ಹಿಮ ಎಲ್ಲಿ?" ಎದುರಿಗೆ 7,816 ಮೀಟರ್ ಎತ್ತರದ ನಂದಾದೇವಿ ಬಿಸಿಲಿಗೆ ಹೊಳೆಯುತ್ತ ನಿಂತಿದ್ದಳು. ಕಾಲಕೆಳಗೆ ಹಿಮವಿಲ್ಲದ್ದಕ್ಕೆ ನಮಗೆ ಮೋಸ ಹೋದಂತಾಗಿತ್ತು. ಆ ನಿರಾಸೆಯನ್ನೂ ನಾನು ಬರೆದಿದ್ದೇನೆ: 'ಹಿಮವಿಲ್ಲದ ಔಲಿ ಆಭರಣವಿಲ್ಲದ ಮದುವಣಗಿತ್ತಿಯಂತೆ ಕಂಡಿತು.' ಈಗ ಓದುವಾಗ ನಾಚಿಕೆಯಾಯಿತು. ಒಡವೆಯಿಲ್ಲದ ಹುಡುಗಿಯನ್ನು ನೋಡುವ ಗಂಡಿನ ಕಡೆಯವರ ಕಣ್ಣು ಅದು. ಅದೇ ಕಣ್ಣನ್ನು ಬೈದು ಎಷ್ಟು ಭಾಷಣ ಮಾಡಿದ್ದೇನೆ ನಾನು!

ನಿಜಕ್ಕೂ ಔಲಿಗೂ ಸ್ವಿಟ್ಜರ್ಲೆಂಡಿಗೂ ಏನು ಸಮ? ಸ್ವಿಟ್ಜರ್ಲೆಂಡ್ ಇರುವುದು 46–47 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಔಲಿ ಇರುವುದು 30 ಡಿಗ್ರಿ ಚಿಲ್ಲರೆಯಲ್ಲಿ, ದೆಹಲಿಗಿಂತ ಎರಡೇ ಡಿಗ್ರಿ ಉತ್ತರಕ್ಕೆ. ಅಲ್ಲಿ ಹಿಮ ಬೀಳುವುದು ಎತ್ತರದಿಂದಾಗಿ ಮತ್ತು ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಮೋಡಗಳ ದಯೆಯಿಂದ. ಆ ಮೋಡ ಕೈಕೊಟ್ಟರೆ ಹಿಮವೂ ಇಲ್ಲ, ಆಟವೂ ಇಲ್ಲ. ಹಿಮ ಸಾಲದೆ ರಾಷ್ಟ್ರೀಯ ಸ್ಪರ್ಧೆಗಳನ್ನು ಮುಂದೂಡಿದ, ಕೈಬಿಟ್ಟ ವರ್ಷಗಳಿವೆ. ಹಿಮಾಲಯ ಇನ್ನೂ ಬೆಳೆಯುತ್ತಿರುವ ಪರ್ವತ. ಬೆಳೆಯುವ ಮಕ್ಕಳ ಮೈಮುರಿತದ ಹಾಗೆ ಆಗಾಗ ಅದು ನಡುಗುತ್ತದೆ. 1999ರ ಮಾರ್ಚಿನಲ್ಲಿ ಇದೇ ಚಮೋಲಿ ಜಿಲ್ಲೆಯ ಭೂಕಂಪದಲ್ಲಿ ಸುಮಾರು ನೂರು ಜನ ಸತ್ತರು.

ಹಾಗಾದರೆ ಸಮಾನಧರ್ಮ ಇಲ್ಲವೇ ಇಲ್ಲವೆ? ಒಂದು ಇದೆ, ಸ್ವಾರಸ್ಯವೆಂದರೆ ಅದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಆಲ್ಪ್ಸ್ ಎಂಬ ಹೆಸರು ನಮಗೆ ಹಿಮದ ಶಿಖರ. ಆ ಬೆಟ್ಟದ ಜನರಿಗೆ 'ಆಲ್ಪ್' ಎಂದರೆ ಬೇಸಿಗೆಯಲ್ಲಿ ದನಗಳನ್ನು ಹೊಡೆದುಕೊಂಡು ಹೋಗುವ ಎತ್ತರದ ಹುಲ್ಲುಗಾವಲು. ಹೈಡಿಯ ಕಥೆಯನ್ನು ನಮ್ಮಲ್ಲಿ ಬಹಳ ಜನ ಮಕ್ಕಳಿಗೆ ಹೇಳಿದ್ದೇವೆ. ಯೊಹಾನ್ನಾ ಸ್ಪೈರಿ ಎಂಬ ಹೆಣ್ಣುಮಗಳು 1880ರ ಸುಮಾರಿಗೆ ಬರೆದ ಆ ಕಥೆಯಲ್ಲಿ ಅಜ್ಜನ ಗುಡಿಸಲು, ಆಡುಗಳು, ಹುಲ್ಲಿನ ಹಾಸಿಗೆ ಇವೆಯೇ ವಿನಾ ಸ್ಕೀ ಹೋಟೆಲು ಇಲ್ಲ. ಗಢವಾಲದವರು ಇಂಥ ಹುಲ್ಲುಗಾವಲಿಗೆ 'ಬುಗ್ಯಾಲ್' ಎನ್ನುತ್ತಾರೆ. ಔಲಿ ಒಂದು ಬುಗ್ಯಾಲ್. ನಮ್ಮ ಶಿರಸಿ ಸೀಮೆಯವರಿಗೆ ವಿವರಿಸಬೇಕಾಗಿಲ್ಲ, ನಮ್ಮಲ್ಲಿ ಅದಕ್ಕೆ 'ಬೇಣ' ಎನ್ನುತ್ತೇವೆ. ಮಳೆಗಾಲ ಮುಗಿದ ಮೇಲೆ ಬೇಣದ ಹುಲ್ಲು ಕೊಯ್ದು ಹೊರೆ ಕಟ್ಟಿ ತಂದು ಗೊಣಬೆ ಹಾಕಿದರೆ ಬೇಸಿಗೆಗೆ ಕೊಟ್ಟಿಗೆಯ ಹೊಟ್ಟೆ ತುಂಬಿತು. ನನ್ನ ಅಮ್ಮ ಎಷ್ಟು ಹೊರೆ ಹೊತ್ತಳೋ ಅವಳ ಕುತ್ತಿಗೆಗೇ ಗೊತ್ತು.

ಆ ದಿನ ಔಲಿಯ ಇಳಿಜಾರಿನಲ್ಲಿ, ಚೇರ್‌ಲಿಫ್ಟಿನ ಕುರ್ಚಿಗಳು ನೇತಾಡುವ ತಂತಿಯ ಕೆಳಗೇ, ಆರೇಳು ಹೆಂಗಸರು ಹುಲ್ಲು ಕೊಯ್ಯುತ್ತಿದ್ದರು. ಸೊಂಟಕ್ಕೆ ಬಟ್ಟೆ ಬಿಗಿದು, ತಲೆಗೆ ವಸ್ತ್ರ ಕಟ್ಟಿ, ಬಾಗಿ ಬಾಗಿ. ನನ್ನ ಗೆಳತಿ ಒಬ್ಬಳು ಅವರ ಫೋಟೋ ತೆಗೆಯಹೋದಾಗ ಒಬ್ಬ ಮುದುಕಿ ಕತ್ತಿ ಬೀಸಿ ನಗುತ್ತ, "ಫೋಟೋ ಸಾಕು, ಒಂದು ಹೊರೆ ಹೊತ್ತುಕೊಡು" ಎಂದಳು. ನಾವೆಲ್ಲ ನಕ್ಕೆವು. ನಾನು ಒಂದು ಹೊರೆ ಎತ್ತಿಯೂ ನೋಡಿದೆ, ಏಳಲಿಲ್ಲ. ಇದನ್ನು ನಾನು ಲೇಖನದಲ್ಲಿ ಬರೆದಿಲ್ಲ! ಆ ದಿನ ಕಂಡದ್ದರಲ್ಲಿ ನನಗೆ ನಿಜವಾಗಿ ಪರಿಚಯವಿದ್ದ ಸಂಗತಿ ಅದೊಂದೇ. ಆದರೂ ಬಿಟ್ಟೆ. ಯಾಕೆ? ಸ್ವಿಟ್ಜರ್ಲೆಂಡಿನಲ್ಲಿ ಹುಲ್ಲುಹೊರೆ ಇರುತ್ತದೆಂದು ನನಗೆ ತೋಚಿರಲಿಲ್ಲ.

ಮುಂದಿನ ವಾಕ್ಯ: 'ರೋಪ್‌ವೇಯಲ್ಲಿ ಕುಳಿತಾಗ ಜೋಶಿಮಠದ ಮನೆಗಳು ಬೆಂಕಿಪೊಟ್ಟಣಗಳ ಹಾಗೆ ಮುದ್ದಾಗಿ ಕಂಡವು.' ಇದು ಉಪಮೆಯೇನೋ ಸರಿಯಾದದ್ದು, ನಾಲ್ಕೂ ಅಂಗಗಳಿವೆ. ಆದರೆ ಮುದ್ದಾಗಿ ಕಂಡದ್ದು ಮೇಲಿನಿಂದ ನೋಡಿದವಳಿಗೆ. ಆ ಬೆಂಕಿಪೊಟ್ಟಣಗಳು ಯಾವುದರ ಮೇಲೆ ನಿಂತಿವೆ ಎಂದು ಕೇಳುವ ಬುದ್ಧಿ ನನಗಿರಲಿಲ್ಲ. ಕೇಳಿದವರು ಇದ್ದರು. 1976ರಲ್ಲೇ ಗಢವಾಲದ ಕಮಿಷನರ್ ಎಂ.ಸಿ. ಮಿಶ್ರಾ ಅವರ ಸಮಿತಿ ಹೇಳಿತ್ತು: ಈ ಊರು ಗಟ್ಟಿ ಬಂಡೆಯ ಮೇಲಿಲ್ಲ, ಹಿಂದೆಂದೋ ಕುಸಿದು ಬಂದ ಮಣ್ಣು ಕಲ್ಲುಗಳ ರಾಶಿಯ ಮೇಲಿದೆ. ಭಾರೀ ಕಟ್ಟಡ ಕಟ್ಟಬೇಡಿ, ಇಳಿಜಾರಿನ ಬಂಡೆ ತೆಗೆಯಬೇಡಿ, ಮರ ಕಡಿಯಬೇಡಿ, ನೀರು ಇಂಗದೆ ಹರಿದುಹೋಗುವ ಚರಂಡಿ ಮಾಡಿ. ನಮ್ಮ ಅಜ್ಜಿ ಹೇಳುವ ಬುದ್ಧಿಮಾತಿನಷ್ಟೇ ಸರಳವಾದ ಮಾತು, ಅಜ್ಜಿಯ ಮಾತಿಗೆ ಆಗುವ ಗತಿಯೇ ಅದಕ್ಕೂ ಆಯಿತು. ಹೋಟೆಲುಗಳು ಅಂತಸ್ತಿನ ಮೇಲೆ ಅಂತಸ್ತು ಎದ್ದವು, ರಸ್ತೆ ಅಗಲವಾಯಿತು, ಹತ್ತಿರದಲ್ಲೇ ತಪೋವನ–ವಿಷ್ಣುಗಾಡ ಜಲವಿದ್ಯುತ್ ಯೋಜನೆಯ ಸುರಂಗ ಕೊರೆಯತೊಡಗಿದರು. 2023ರಲ್ಲಿ ಊರು ಕುಸಿದಾಗ ಜನ ಆ ಸುರಂಗವನ್ನು ದೂರಿದರು, ಯೋಜನೆಯವರು ತಮ್ಮ ಸಂಬಂಧವಿಲ್ಲವೆಂದರು. ಕಾರಣ ಒಂದೇ ಇರಲಾರದು. ಆದರೆ ಸಡಿಲ ಮಣ್ಣಿನ ಮೇಲೆ ಎಲ್ಲರೂ ಸ್ವಲ್ಪ ಸ್ವಲ್ಪ ಭಾರ ಹಾಕಿದರು ಎಂಬುದರಲ್ಲಿ ಅನುಮಾನವಿಲ್ಲ. ಎರಡು ರಾತ್ರಿ ತಂಗಿ, ಬಿಸಿನೀರು ಸುರಿದುಕೊಂಡು ಬಂದ ನಾವು ಹನ್ನೊಂದು ಜನರೂ ಅದರಲ್ಲಿ ಸೇರಿದವರೇ.

ಔಲಿಯನ್ನು ವಿಮರ್ಶಿಸುವಾಗ ಅದನ್ನು ಸ್ವಿಟ್ಜರ್ಲೆಂಡ್ ಮಾಡಲು ಏನೇನು ಬೇಕಾಯಿತು ಎಂಬುದನ್ನೂ ನೋಡಬೇಕು. 2011ರ ಜನವರಿಯಲ್ಲಿ ದಕ್ಷಿಣ ಏಷ್ಯಾದ ಚಳಿಗಾಲದ ಕ್ರೀಡಾಕೂಟ ನಡೆಯಿತು. ಅದಕ್ಕಾಗಿ ಇಳಿಜಾರನ್ನು ಹಸನು ಮಾಡಿದರು. ನೆತ್ತಿಯ ಮೇಲೆ ಒಂದು ಕೃತಕ ಕೆರೆ ಇದೆ, ಹಿಮ ಉಗುಳುವ ಯಂತ್ರಗಳಿವೆ. ಆ ಕೆರೆಯ ನೀರನ್ನು ಸಣ್ಣ ತುಂತುರಾಗಿ ಗಾಳಿಗೆ ಚಿಮ್ಮಿಸಿದರೆ ಅದು ನೆಲ ಮುಟ್ಟುವುದರೊಳಗೆ ಹೆಪ್ಪುಗಟ್ಟಬೇಕು. ಅದಕ್ಕೆ ಸೊನ್ನೆಗಿಂತ ಕೆಳಗಿನ ಚಳಿ ಬೇಕು. ದೇವರು ಚಳಿ ಕೊಡದಿದ್ದರೆ ಯಂತ್ರ ಹಿಮ ಕೊಡುವುದಿಲ್ಲ. ಅಂದರೆ ಹಿಮ ಬೀಳದ ಬೆಚ್ಚನೆಯ ವರ್ಷದಲ್ಲಿ, ಅದು ಹೆಚ್ಚು ಬೇಕಾದಾಗಲೇ, ಅದು ಕಡಮೆ ಉಪಯೋಗಕ್ಕೆ ಬರುತ್ತದೆ. ಅಸಲು ಸ್ವಿಟ್ಜರ್ಲೆಂಡಿನಲ್ಲೂ ಕೆಳಮಟ್ಟದ ಬೆಟ್ಟಗಳ ಸ್ಕೀ ಊರುಗಳು ಹಿಮ ಕಡಮೆಯಾಗಿ ಇದೇ ಯಂತ್ರಗಳಿಗೆ ಮೊರೆಹೋಗಿವೆ. ಇದೀಗ ಎರಡೂ ಕಡೆ ಸಮಾನವಾದ ಇನ್ನೊಂದು ಧರ್ಮ!

2019ರ ಜೂನಿನಲ್ಲಿ ಇದೇ ಹುಲ್ಲುಗಾವಲಿನಲ್ಲಿ ಎರಡು ಮದುವೆಗಳಾದವು. ದಕ್ಷಿಣ ಆಫ್ರಿಕದಲ್ಲಿ ವ್ಯಾಪಾರ ಮಾಡಿದ ಶ್ರೀಮಂತ ಮನೆತನದ್ದು. 200 ಕೋಟಿ ರೂಪಾಯಿಯ ಮದುವೆಯೆಂದು ಪತ್ರಿಕೆಗಳು ಬರೆದವು. ವಿಷಯ ಹೈಕೋರ್ಟಿಗೆ ಹೋಗಿ, ಪರಿಸರಕ್ಕೆ ಹಾನಿಯಾದರೆ ಇರಲಿ ಎಂದು 3 ಕೋಟಿ ಠೇವಣಿ ಇಡಲು ನ್ಯಾಯಾಲಯ ಹೇಳಿತು. ಮದುವೆ ಮುಗಿದ ಮೇಲೆ ಪುರಸಭೆಯವರು ಕ್ವಿಂಟಲುಗಟ್ಟಲೆ ಕಸ ಎತ್ತಿದರು. ಅದಕ್ಕೆ ಹತ್ತು ತಿಂಗಳ ಹಿಂದೆ, 2018ರ ಆಗಸ್ಟಿನಲ್ಲಿ, ಅದೇ ಹೈಕೋರ್ಟು ಬುಗ್ಯಾಲ್‌ಗಳಲ್ಲಿ ಡೇರೆ ಹಾಕಿ ರಾತ್ರಿ ಕಳೆಯುವುದನ್ನು ನಿಷೇಧಿಸಿತ್ತು. ಚಾರಣಕ್ಕೆ ಬಂದ ಹುಡುಗರು ಒಂದು ರಾತ್ರಿ ಮಲಗುವಂತಿಲ್ಲ, ಮದುವೆಯ ಚಪ್ಪರ ಮಾತ್ರ ಏಳಬಹುದು! ಮಗಳ ಮದುವೆಗೆ ಊರಿನ ಛತ್ರವೇ ಸಾಲದೆ ರೆಸಾರ್ಟ್ ಹುಡುಕುತ್ತಿರುವ ನಮ್ಮ ಮಧ್ಯಮ ವರ್ಗದ ಮನೆಗಳಿಗೂ ಈ ಮಾತು ಸ್ವಲ್ಪ ತಗುಲಲಿ.

ಇಷ್ಟು ಹೇಳಿ ಔಲಿಯ ಸ್ಕೀಯಿಂಗ್ ಬೇಡವೆಂದು ಬರೆದುಬಿಟ್ಟರೆ ಅದೂ ಮೇಲಿನಿಂದ ನೋಡಿದ ಬರಹವೇ ಆದೀತು. ನಾವು ತಂಗಿದ್ದ ಮನೆಯೊಡತಿಯ ಮಗ ಚಳಿಗಾಲದಲ್ಲಿ ಔಲಿಯಲ್ಲಿ ಪ್ರವಾಸಿಗಳಿಗೆ ಸ್ಕೀ ಕಲಿಸುತ್ತಿದ್ದ. ನವೆಂಬರಿನಲ್ಲಿ ಬದರಿಯ ಬಾಗಿಲು ಮುಚ್ಚಿದ ಮೇಲೆ ಆ ಊರಿಗೆ ಯಾತ್ರಿಕರಿಲ್ಲ. ಆರು ತಿಂಗಳು ಅಂಗಡಿ, ಟ್ಯಾಕ್ಸಿ, ಕುದುರೆ ಎಲ್ಲವೂ ಸುಮ್ಮನೆ. "ಮೊದಲೆಲ್ಲ ಗಂಡುಮಕ್ಕಳು ಚಳಿಗಾಲದಲ್ಲಿ ದೆಹಲಿಗೆ ಹೋಗಿ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದರು ದೀದೀ. ಈಗ ನನ್ನ ಮಗ ಮನೆಯಲ್ಲೇ ಇರುತ್ತಾನೆ. ಹಿಮ ಬಿದ್ದರೆ ನಮಗೆ ರೊಟ್ಟಿ," ಎಂದಿದ್ದಳು ಆಕೆ. ಊರಿನ ಹುಡುಗರು ಬೆಂಗಳೂರಿಗೆ ಹೋಗಿ ಮನೆಗಳಲ್ಲಿ ವಯಸ್ಸಾದವರಷ್ಟೇ ಉಳಿದ ಸೀಮೆಯಿಂದ ಬಂದ ನನಗೆ ಆ ಮಾತಿನ ತೂಕ ಗೊತ್ತು. ಹಾಗಾಗಿ ಹಿಮದಾಟ ಇರಲಿ. ಬೆಟ್ಟ ತಾನಾಗಿ ಹಿಮ ಕೊಟ್ಟ ವರ್ಷ, ಕೊಟ್ಟಷ್ಟು ದಿನ, ಊರಿನ ಮಕ್ಕಳೇ ಕಲಿಸುವ ಆಟವಾಗಿ ಇರಲಿ. ನನ್ನ ತಕರಾರು ಆಟದ ಮೇಲಲ್ಲ, ಬೆಟ್ಟವನ್ನು ಇನ್ನೊಂದು ಬೆಟ್ಟವಾಗಿಸುವ ಹಟದ ಮೇಲೆ.

ಆ ಮನೆಯೊಡತಿಯ ಬಗ್ಗೆ ಲೇಖನದಲ್ಲಿ ಒಂದು ಪ್ಯಾರಾ ಇದೆ. 'ಪಹಾಡಿ ಜನ ಮುಗ್ಧರು, ಹಸನ್ಮುಖಿಗಳು' ಎಂದು ಶುರುವಾಗಿ, ಆಕೆ ಕೊಟ್ಟ ಮಂಡುವಾ ರೊಟ್ಟಿ ನಮ್ಮ ರಾಗಿ ರೊಟ್ಟಿಯೇ ಎಂದು ಮುಂದುವರಿದು, 'ಅಡಿಗೆಮನೆಯ ಗೋಡೆಯ ಮೇಲೆ ನಂದಾದೇವಿಯ ಸುಂದರ ಕ್ಯಾಲೆಂಡರ್ ಇತ್ತು' ಎಂದು ಮುಗಿಯುತ್ತದೆ. ಕೆಂಪು ಪೆನ್ನು ಅಲ್ಲಿ ನಿಂತಿತು. ಯಾಕೆಂದರೆ ಆ ಕ್ಯಾಲೆಂಡರ್ ನನಗೆ ನೆನಪಿರುವುದು ಚಿತ್ರಕ್ಕಾಗಿ ಅಲ್ಲ. ಗಾಳಿಗೆ ಅದು ಹಾರಿದಾಗ ಹಿಂದೆ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಕಂಡಿತ್ತು. ನಾನು ನೋಡಿದ್ದನ್ನು ನೋಡಿ ಆಕೆ, "ಮಳೆಗಾಲದಲ್ಲಿ ನೆಲ ಸ್ವಲ್ಪ ಜಗ್ಗುತ್ತದೆ, ಸಿಮೆಂಟು ಹಾಕಿಸಬೇಕು" ಎಂದು ಕ್ಯಾಲೆಂಡರನ್ನು ಸರಿಮಾಡಿದ್ದಳು. ಕ್ಯಾಲೆಂಡರನ್ನು ಬರೆದೆ, ಬಿರುಕನ್ನು ಬರೆಯಲಿಲ್ಲ. ಬರೆದಿದ್ದರೆ ಊರು ಉಳಿಯುತ್ತಿತ್ತು ಎಂಬ ಭ್ರಮೆ ನನಗಿಲ್ಲ, ಶಿರಸಿಯ ಒಂದು ಶಾಲೆಯ ಸಂಚಿಕೆ ಯಾರು ಓದುತ್ತಾರೆ! ಆದರೆ ಕಂಡದ್ದನ್ನು ಮುಚ್ಚಿ ಅಂದದ್ದನ್ನು ಮಾತ್ರ ಬರೆದರೆ ನಮ್ಮ ಬರಹವೂ ಗೋಡೆಗೆ ತೂಗುಹಾಕಿದ ಕ್ಯಾಲೆಂಡರೇ.

2023ರ ಜನವರಿ ಮೊದಲ ವಾರದಲ್ಲಿ ಆ ಊರಿನಲ್ಲಿ ನೂರಾರು ಮನೆಗಳ ಗೋಡೆ ಬಾಯಿಬಿಟ್ಟವು. ಬಿರುಕು ಬಿಟ್ಟ ಕಟ್ಟಡಗಳ ಎಣಿಕೆ ಎಂಟುನೂರು ದಾಟಿತು. ಒಂದು ಬಡಾವಣೆಯಲ್ಲಿ ನೆಲ ಒಡೆದು ಕೆಸರು ನೀರು ಉಕ್ಕಿತು. ರೋಪ್‌ವೇ ನಿಲ್ಲಿಸಿದರು. ನಾನು ಧೈರ್ಯ ಮಾಡಿ ಆಕೆಯ ಹಳೇ ನಂಬರಿಗೆ ಫೋನ್ ಮಾಡಿದೆ. ಸಿಕ್ಕಿದಳು. ಮನೆಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದಾರೆ, ತಂಗಿಯ ಮನೆಯಲ್ಲಿದ್ದೇವೆ, ಹಸುವನ್ನು ಯಾರಿಗೋ ಕೊಟ್ಟೆವು ಎಂದಳು. ಏನು ಹೇಳಬೇಕೆಂದು ತಿಳಿಯದೆ, "ಮತ್ತೊಮ್ಮೆ ಬರುತ್ತೇವೆ" ಎಂದುಬಿಟ್ಟೆ. "ಬನ್ನಿ ದೀದೀ. ಬಂದರೆ ನಮ್ಮ ಮನೆಗೇ ಬನ್ನಿ ಅನ್ನಲಿಕ್ಕೆ ಮನೆ ಇಲ್ಲ ಅಷ್ಟೇ," ಎಂದಳು. ಧ್ವನಿಯಲ್ಲಿ ಅಳು ಇರಲಿಲ್ಲ. ಫೋನಿಟ್ಟ ಮೇಲೆ ಅತ್ತದ್ದು ನಾನು.

ಆ ಸೀಮೆಯ ಹೆಂಗಸರನ್ನು 'ಮುಗ್ಧರು' ಎಂದು ಬರೆದದ್ದಕ್ಕೂ ಕೆಂಪು ಗೆರೆ ಎಳೆಯಬೇಕು. ಜೋಶಿಮಠದಿಂದ ಸ್ವಲ್ಪ ದೂರದಲ್ಲೇ ರೇಣಿ ಗ್ರಾಮ. 1974ರ ಮಾರ್ಚ್ 26ರಂದು, ಗಂಡಸರು ಪರಿಹಾರದ ಹಣಕ್ಕೆಂದು ಚಮೋಲಿಗೆ ಹೋಗಿದ್ದ ದಿನ, ಮರ ಕಡಿಯುವವರು ಬಂದರು. ಮಹಿಳಾ ಮಂಗಲ ದಳದ ಗೌರಾದೇವಿ ಇಪ್ಪತ್ತೇಳು ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಕಾಡಿಗೆ ಹೋಗಿ ಅಡ್ಡನಿಂತಳು. ಚಿಪ್ಕೋ ಹೆಸರು ದೇಶಕ್ಕೆಲ್ಲ ಹರಡಿತು. ಅದರ ಗಾಳಿ ನಮ್ಮವರೆಗೂ ಬಂದು, 1983ರ ಸೆಪ್ಟೆಂಬರಿನಲ್ಲಿ ನಮ್ಮ ಸಾಲ್ಕಣಿ ಭಾಗದ ಜನ ಮರ ತಬ್ಬಿ ನಿಂತರು. ಅದು ಅಪ್ಪಿಕೋ. ಆಗ ನಾನು ಹೈಸ್ಕೂಲು ಹುಡುಗಿ. ಹಿಮಾಲಯದ ಹೆಂಗಸರಿಂದ ನಮ್ಮ ಕಾಡಿಗೆ ಬಂದ ಮಾತು ಅದು ಎಂದು ನಮ್ಮ ಮೇಷ್ಟರು ಹೇಳಿದ್ದು ನೆನಪಿದೆ. ಆ ಋಣವನ್ನು ಹೊತ್ತ ಶಿರಸಿಯವಳು ರೇಣಿಯ ನೆರೆಗೆ ಹೋಗಿ ಬಂದು ಬರೆದದ್ದು ಸ್ವಿಟ್ಜರ್ಲೆಂಡಿನ ಮಾತು! 2021ರ ಫೆಬ್ರುವರಿ 7ರಂದು ರೇಣಿಯ ಮೇಲಿನ ಬೆಟ್ಟದಿಂದ ಬಂಡೆ, ಹಿಮದ ಗುಡ್ಡ ಕುಸಿದು ಋಷಿಗಂಗೆ ಉಕ್ಕಿ ಬಂದಾಗ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಕಾಣೆಯಾದರು. ಸುರಂಗದಲ್ಲಿ ಕೆಲಸಕ್ಕಿದ್ದವರು ಎಷ್ಟೋ ಮಂದಿ. ಅದೇ ವರ್ಷದ ಜುಲೈನಲ್ಲಿ ನಮ್ಮ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಅಡಿಕೆ ತೋಟಗಳು ಮಣ್ಣಿನಡಿ ಹೋದವು. ಸಮಾನಧರ್ಮ ಹುಡುಕಲು ವಿಮಾನ ಹತ್ತಬೇಕಾಗಿರಲಿಲ್ಲ.

ಆ ಬೆಟ್ಟದ ಜನ ತಮ್ಮ ಬೆಟ್ಟಕ್ಕೆ ತಾವೇ ಮಾಡಿಕೊಂಡ ರೂಪಕ ಒಂದಿದೆ. ನಂದಾದೇವಿ ಅವರಿಗೆ ಶಿಖರವಲ್ಲ, ಮಗಳು. ತವರಿನಿಂದ ಗಂಡನ ಮನೆಯಾದ ಕೈಲಾಸಕ್ಕೆ ಹೊರಟ ಹೆಣ್ಣು. ಹನ್ನೆರಡು ವರ್ಷಕ್ಕೊಮ್ಮೆಯೆಂದು ನಡೆಯುವ ರಾಜಜಾತ್ ಎಂಬ ಯಾತ್ರೆಯಲ್ಲಿ, ನಾಲ್ಕು ಕೊಂಬಿನ ಟಗರನ್ನು ಮುಂದೆ ಬಿಟ್ಟುಕೊಂಡು, ನೌಟಿ ಗ್ರಾಮದಿಂದ ಹೋಮಕುಂಡದವರೆಗೆ ಅವಳನ್ನು ಕಳಿಸಿಬರುತ್ತಾರೆ. 2014ರಲ್ಲಿ ಹಾಗೆ ನಡೆದಿತ್ತು. ದಾರಿಯ ಊರುಗಳಲ್ಲಿ ಹೆಂಗಸರು ಹಾಡು ಹೇಳಿ, ಸೌತೆಕಾಯಿ ಜೋಳ ಉಡಿತುಂಬಿ, ನಿಜವಾದ ಮಗಳನ್ನು ಕಳಿಸುವಂತೆ ಅಳುತ್ತಾರಂತೆ. ಭಾದ್ರಪದ ತದಿಗೆಗೆ ತವರಿಗೆ ಬಂದ ಗೌರಿಯನ್ನು ಕೂರಿಸಿ, ಬಾಗಿನ ಕೊಟ್ಟು, ಮಗ ಗಣಪ ಕರೆಯಲು ಬಂದನೆಂದು ಕಣ್ಣೊರೆಸಿಕೊಂಡು ಕಳಿಸುವ ನಮಗೆ ಇದನ್ನು ಯಾರು ಅರ್ಥ ಹೇಳಬೇಕು? ಬೆಟ್ಟವನ್ನು ಮಗಳೆಂದವರಿಗೆ ಒಂದು ಕರ್ತವ್ಯ ಬರುತ್ತದೆ. ಸ್ವಿಟ್ಜರ್ಲೆಂಡ್ ಎಂದವರಿಗೆ ಟಿಕೇಟು ಮಾತ್ರ ಬರುತ್ತದೆ. ಎರಡೂ ರೂಪಕಗಳೇ. ಯಾವುದು ಒಳ್ಳೆಯದೆಂದು ನಿರ್ಣಯಿಸಲು ಅಲಂಕಾರಶಾಸ್ತ್ರದ ಪಂಡಿತರೇ ಬೇಕಾಗಿಲ್ಲ.

ಔಲಿಯಿಂದ ಕಾಣುವ ಇನ್ನೊಂದು ಶಿಖರ ದ್ರೋಣಗಿರಿ. ಅದರ ಬುಡದ ಊರಿನವರು ಹನುಮಂತನನ್ನು ಪೂಜಿಸುವುದಿಲ್ಲ. ಸಂಜೀವಿನಿಗಾಗಿ ನಮ್ಮ ಬೆಟ್ಟವನ್ನೇ ಕಿತ್ತುಕೊಂಡು ಹೋದನಲ್ಲ ಎಂದು ಅವರಿಗೆ ಇಂದಿಗೂ ಸಿಟ್ಟು. ಒಂದು ಒಳ್ಳೆಯ ಕೆಲಸಕ್ಕೆಂದು ಒಯ್ದ ಹನುಮಂತನಿಗೇ ಯುಗಗಟ್ಟಲೆ ಪೂಜೆ ತಪ್ಪಿದರೆ, ಸುಮ್ಮನೆ ಜಾರಿ ಆಡಲು ಒಯ್ದ ನಮಗೆ ಏನು ಕಾದಿದೆಯೋ!

ಮಾರ್ಚಿನಲ್ಲಿ ಆ ಹುಡುಗಿಯನ್ನು ಕರೆದು, "ನಿನ್ನ ಪ್ರಶ್ನೆಗೆ ಆ ದಿನ ನನಗೆ ಉತ್ತರ ಗೊತ್ತಿರಲಿಲ್ಲ, ಹಾರಿಸಿದೆ" ಎಂದು ಒಪ್ಪಿಕೊಂಡೆ. ಬುಗ್ಯಾಲ್ ಎಂದರೇನು, ಅಲ್ಲಿ ಹುಲ್ಲು ಕೊಯ್ಯುವ ಹೆಂಗಸರು ಹೇಗಿದ್ದರು ಎಂದು ಹೇಳಿದೆ. ಅವಳ ಮನೆಯಲ್ಲೂ ಬೇಣವಿದೆ, ಅಮ್ಮನೊಂದಿಗೆ ಹೊರೆ ಹೊರುವ ಹುಡುಗಿ. ಮರುದಿನ ನೋಟುಬುಕ್ಕಿನಲ್ಲಿ ಬರೆದು ತಂದಿದ್ದಳು: 'ಔಲಿಯ ಬುಗ್ಯಾಲ್ ನಮ್ಮ ಬೇಣದಂತೆ ದನಗಳಿಗೆ ಹುಲ್ಲು ಕೊಡುತ್ತದೆ.' ಉಪಮೇಯ ಬುಗ್ಯಾಲ್, ಉಪಮಾನ ಬೇಣ, ವಾಚಕಪದ ಅಂತೆ, ಸಮಾನಧರ್ಮ ಹುಲ್ಲು ಕೊಡುವುದು. ನಾಲ್ಕೂ ಮನೆ ತುಂಬಿತ್ತು. ಪೂರ್ಣ ಅಂಕ ಕೊಟ್ಟೆ.

ಆ ವರ್ಷದ ಸಂಚಿಕೆಗೆ ಹೊಸ ಪ್ರವಾಸ ಲೇಖನ ಬರೆಯಲಿಲ್ಲ. ಹಳೆಯದಕ್ಕೆ ಒಂದು ಪುಟದ ತಿದ್ದೋಲೆ ಬರೆದುಕೊಟ್ಟೆ. ಅದರಲ್ಲಿ ಹುಲ್ಲುಹೊರೆ ಇದೆ, ಮುದುಕಿಯ ಕತ್ತಿ ಇದೆ, ಕ್ಯಾಲೆಂಡರಿನ ಹಿಂದಿನ ಬಿರುಕು ಇದೆ. ಸ್ವಿಟ್ಜರ್ಲೆಂಡ್ ಇಲ್ಲ.